ಗಂಟೆ ಕೈಗೆ ಬಂದಾಗ

ಎಂಎಸ್ ಓದಲು ಅಮೆರಿಕಕ್ಕೆ ಹೋದವನು ಮೊದಲ ಸೆಮಿಸ್ಟರಿನಲ್ಲೇ ಕಾಲೇಜಿನ ಆಫ್ರಿಕನ್ ನೃತ್ಯ-ಸಂಗೀತ ತಂಡ ಸೇರಿದೆ. ಆರು ವರ್ಷ ಮೃದಂಗ ಕಲಿತಿದ್ದೆ, ಆ ಜಂಬ ಬೇರೆ. ಯಲ್ಲಾಪುರದ ಕಡೆಯವನಾದ್ದರಿಂದ ಆಫ್ರಿಕಾ ಮೂಲದ ಸಿದ್ದಿಯರ ಡಮಾಮಿ ಡೋಲು ಕೇಳಿ ಗೊತ್ತಿತ್ತು, ಇದೂ ಹಾಗೇ ಇರುತ್ತೆ ಅಂದುಕೊಂಡಿದ್ದೆ. ಆಫ್ರಿಕಾ ಅಂದರೆ ಒಂದೇ ಊರು ಅನ್ನುವ ಹಾಗೆ! ನಾವು ಮೊದಲು ಕಲಿತ ಗಾಹು ಘಾನಾದ ಎವೆ ಜನ ಕುಣಿಯುವುದು, ಅದೂ ಅವರಿಗೆ ಬಂದದ್ದು ಬೆನಿನ್, ನೈಜೀರಿಯಾ ಕಡೆಯ ಯೊರುಬಾ ಜನರಿಂದ.

ಡೋಲು ಕೊಡುತ್ತಾರೆ ಅಂತ ಕೂತರೆ ಕೈಗೆ ಬಂದದ್ದು ಅಹಾತ್ಸೆ, ಅಂದರೆ ಒಣಗಿದ ಸೋರೆಬುರುಡೆಗೆ ಮಣಿಗಳ ಬಲೆ ಹೆಣೆದ ಗಿಲಕಿ. ಕೆಳಗೆ ಬಂದರೆ ತೊಡೆಗೆ, ಮೇಲೆ ಹೋದರೆ ಅಂಗೈಗೆ. ಎರಡು ವಾರ ಅಷ್ಟೇ. ತೊಡೆ ಕೆಂಪಾಗಿ ಜೀನ್ಸ್ ಹಾಕಿದರೆ ಉರಿ.

ಆಮೇಲೆ ಗಾಂಕೋಗ್ವಿ ಕೊಟ್ಟರು. ಜೋಡಿ ಕಬ್ಬಿಣದ ಗಂಟೆ. ಹದಿನಾರು ಮಾತ್ರೆಯಲ್ಲಿ ಐದೇ ಪೆಟ್ಟು, ಮಧ್ಯದ ಅಂತರ 3-3-4-4-2; ಮೊದಲನೆಯದು ದೊಡ್ಡದಕ್ಕೆ, ಉಳಿದವು ಚಿಕ್ಕದಕ್ಕೆ. ನಾನು ಅದನ್ನು ಆದಿತಾಳದೊಳಗೆ ತುರುಕಿ ಬೆರಳೆಣಿಸುತ್ತಿದ್ದೆ. ಘಾನಾದವರಾದ ಗುರುಗಳು ನಕ್ಕು, "ಎಣಿಸಬೇಡ, ಎದ್ದು ಹೆಜ್ಜೆ ಹಾಕು" ಅಂದರು. ಹೆಜ್ಜೆ ಹಾಕುತ್ತಾ ಬಾರಿಸಿದಾಗಲೇ ಅದು ಕೂತದ್ದು. ಮಿಕ್ಕವರೆಲ್ಲ ಈ ಗಂಟೆಗೇ ಕಿವಿ ಕೊಟ್ಟಿರುತ್ತಾರೆ, ಹಾಗಾಗಿ ಡೋಲಿನವನು ತಪ್ಪಿದರೆ ಹೇಗೋ ನಡೆಯುತ್ತೆ, ಗಂಟೆಯವನು ತಪ್ಪುವ ಹಾಗಿಲ್ಲ.

ಕಥೆ ಹೇಳುವ ಸರದಿಯೂ ಬಂತು. ಅನಾನ್ಸಿ ಅನ್ನುವ ಕಿಲಾಡಿ ಜೇಡನ ಕಥೆ, ಘಾನಾದ ಅಕನ್ ಜನರದ್ದು, ಗುಲಾಮರ ಜೊತೆ ಜಮೈಕಾಗೂ ಹೋದದ್ದು. ನಾನು ಪರೀಕ್ಷೆಗೆ ಉರುಹೊಡೆದವನ ಹಾಗೆ ಒಪ್ಪಿಸಿದೆ. ನಮ್ಮಲ್ಲಿ ಹೂಂಗುಟ್ಟುವವರು ಬೇಕಲ್ವಾ, ಅಲ್ಲಿ ಅದಕ್ಕಿಂತ ಜಾಸ್ತಿ: ಕೇಳುವವರು ನಡುವೆ ತಡೆದು ಹಾಡನ್ನೇ ಎತ್ತಿಕೊಳ್ಳುತ್ತಾರೆ. ಹಾಡಲು ನಾನು ಜಾಗವನ್ನೇ ಬಿಟ್ಟಿರಲಿಲ್ಲ.

ನನಗೆ ತುಂಬ ಹಿಡಿಸಿದ್ದು ಜೂಬಾ. 1739ರಲ್ಲಿ ದಕ್ಷಿಣ ಕ್ಯಾರೊಲಿನಾದಲ್ಲಿ ಗುಲಾಮರು ದಂಗೆ ಎದ್ದರು, ಮರುವರ್ಷದ ಕಾನೂನು ಅವರಿಗೆ ಡೋಲನ್ನೇ ನಿಷೇಧಿಸಿತು. ಡೋಲಿಲ್ಲದಿದ್ದರೂ ಕೈ, ತೊಡೆ, ಎದೆ ಇದ್ದವಲ್ಲ, ಅವನ್ನೇ ತಟ್ಟಿ ಕುಣಿಯುವುದು ಜೂಬಾ. ಗಿಲಕಿಯ ಏಟು ತಿಂದ ತೊಡೆ ಇಲ್ಲಿ ಕೆಲಸಕ್ಕೆ ಬಂತು.

ಪ್ರದರ್ಶನದ ದಿನ ಮಾತ್ರ ಗಾಬರಿಯಲ್ಲಿ ಗಂಟೆ ಓಡಿಸಿಬಿಟ್ಟೆ. ಕಿಡಿ (ಡೋಲಿನ ಹೆಸರು, ನಮ್ಮ ಕಿಡಿ ಅಲ್ಲ) ಹಿಂದೆ ಬಿತ್ತು, ವೃತ್ತದಲ್ಲಿದ್ದವರು ಬಸ್ಸು ಹಿಡಿಯುವವರ ಹಾಗೆ ಕುಣಿದರು. ಗುರುಗಳು ಕುಣಿಯುತ್ತಲೇ ನನ್ನ ಮುಂದೆ ಬಂದು ನಿಂತು, ಧಡ್ ಧಡ್ ಅಂತ ಕಾಲು ಕುಟ್ಟಿ ಲಯ ಹಿಡಿದರು. ಸಭಿಕರು ಅದೂ ನೃತ್ಯವೇ ಅಂದುಕೊಂಡು ಚಪ್ಪಾಳೆ ಹೊಡೆದರು.

ಮುಂದಿನ ಸೆಮಿಸ್ಟರಿನಲ್ಲಿ ಮತ್ತೆ ಅಹಾತ್ಸೆಯೇ. ಈ ಸಲ ತೊಡೆ ಮೇಲೆ ಟವೆಲ್ ಮಡಚಿ ಇಟ್ಟುಕೊಂಡೆ.