ಅಟ್ಟದ ರೆಕಾರ್ಡ್ ಪ್ಲೇಯರ್‌ಗೆ ಹೊಸ ಸ್ಪೀಕರ್: ಜೋಡಿಸುವುದು ಹೇಗೆ?

ಮುಂಬಯಿಯಲ್ಲಿ ನೌಕರಿ ಮಾಡಿ ಊರಿಗೆ ಮರಳಿದವರು ಹೊತ್ತು ತಂದ ರೆಕಾರ್ಡ್ ಪ್ಲೇಯರ್‌ಗಳು ಕಾರವಾರ, ಅಂಕೋಲಾ, ಕುಮಟಾ ಕಡೆಯ ಮನೆಗಳ ಅಟ್ಟದಲ್ಲಿ ಇನ್ನೂ ಉಳಿದಿರುವುದುಂಟು. ಮೊಮ್ಮಕ್ಕಳು ಅದನ್ನು ಇಳಿಸಿ ಹೊಸ ಹೋಮ್ ಥಿಯೇಟರ್‌ಗೆ ಸಿಕ್ಕಿಸಿದರೆ, ದೂರದಲ್ಲೆಲ್ಲೋ ಸೊಳ್ಳೆ ಹಾಡಿದಷ್ಟೇ ಸದ್ದು. ಪ್ಲೇಯರ್ ಕೆಟ್ಟಿದೆ ಎಂದು ಗುಜರಿಗೆ ಹಾಕುವ ಮೊದಲು ಅದರ ತೋಳಿನ ತುದಿಯಲ್ಲಿರುವ ಕಾರ್ಟ್ರಿಜ್ (ಮುಳ್ಳನ್ನು ಹಿಡಿದು ಅದರ ಕಂಪನವನ್ನು ವಿದ್ಯುತ್ತಾಗಿಸುವ ಪುಟ್ಟ ತುಂಡು) ಯಾವ ಜಾತಿಯದು, ಮ್ಯಾಗ್ನೆಟಿಕ್ಕೋ ಸೆರಾಮಿಕ್ಕೋ ಎಂದು ನೋಡಿ. ಏನು ಕೊಳ್ಳಬೇಕು, ಎಲ್ಲಿ ಸಿಕ್ಕಿಸಬೇಕು ಎಂಬುದೆಲ್ಲ ಅದರ ಮೇಲೆಯೇ ನಿಂತಿದೆ.

ಮ್ಯಾಗ್ನೆಟಿಕ್ ಕಾರ್ಟ್ರಿಜ್ ಕೊಡುವುದು ಸಾಮಾನ್ಯವಾಗಿ 3ರಿಂದ 5 ಮಿಲಿವೋಲ್ಟ್ ಮಾತ್ರ. ಆಂಪ್ಲಿಫೈಯರ್‌ನಲ್ಲಿ ಹೊರಗಿನ ಯಂತ್ರದ ಸದ್ದು ಪಡೆಯುವ ‘ಆಕ್ಸ್’ ಕಿಂಡಿ ಅದರ ಸುಮಾರು ನೂರು ಪಟ್ಟು ಬಯಸುತ್ತದೆ. ತೊಂದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಎಲ್‌ಪಿ (33⅓ ವೇಗದ ರೆಕಾರ್ಡ್) ಕೊರೆಯುವಾಗ ತಗ್ಗಿನ ಸ್ವರಗಳನ್ನು ಬೇಕೆಂದೇ ಕುಗ್ಗಿಸಿ, ತಾರದ ಸ್ವರಗಳನ್ನು ಹಿಗ್ಗಿಸಿರುತ್ತಾರೆ. ಹಾಗೆ ಮಾಡದಿದ್ದರೆ ಗೆರೆಗಳು ಅಗಲವಾಗಿ ಒಂದು ಬದಿಯಲ್ಲಿ ಹಿಡಿಸುವ ಸಂಗೀತ ಕಡಿಮೆಯಾಗುತ್ತದೆ. ಇದಕ್ಕೆ 1950ರ ದಶಕದಲ್ಲಿ ನೆಲೆಗೊಂಡ ಅಳತೆಯೇ ‘ಆರ್‌ಐಎಎ’. ನುಡಿಸುವಾಗ ಅದನ್ನು ತಿರುಗುಮುರುಗು ಮಾಡಬೇಕು. ಫೋನೊ ಪ್ರೀ-ಆಂಪ್ ಎಂಬ ಪುಟ್ಟ ಪೆಟ್ಟಿಗೆ ಎರಡನ್ನೂ ಒಟ್ಟಿಗೆ ನಿಭಾಯಿಸುತ್ತದೆ. ವಾಲ್ಯೂಮ್ ಹೆಚ್ಚಿಸಿಕೊಂಡರೆ ಸಾಲದೇ ಎನ್ನುವವರಿಗೆ ತಬಲಾದ ಡಗ್ಗಾ ಕೇಳಿಸುವುದೇ ಇಲ್ಲ.

ಪ್ಲೇಯರ್‌ನ ತಂತಿ ಪ್ರೀ-ಆಂಪ್‌ಗೆ, ಅಲ್ಲಿಂದ ಇನ್ನೊಂದು ಜೋಡಿ ತಂತಿ ‘ಆಕ್ಸ್’ಗೆ. ಆಂಪ್ಲಿಫೈಯರ್‌ನಲ್ಲಿ ‘ಫೋನೊ’ ಎಂದು ಬರೆದ ಕಿಂಡಿಯೇ ಇದ್ದರೆ ಬೇರೆ ಪೆಟ್ಟಿಗೆ ಬೇಡ, ಪ್ಲೇಯರ್ ನೇರವಾಗಿ ಅಲ್ಲಿಗೆ. ಎರಡನ್ನೂ ಬಳಸಿದರೆ ಸದ್ದು ಒಡೆದು ಕರ್ಕಶವಾಗುತ್ತದೆ. ಕೆಂಪು, ಬಿಳಿ ತಂತಿಗಳ ಜೊತೆ ತೆಳ್ಳನೆಯ ಮೂರನೆಯ ತಂತಿ ಇದ್ದರೆ ಅದನ್ನು ಪ್ರೀ-ಆಂಪ್‌ನ ಅಥವಾ ‘ಫೋನೊ’ ಕಿಂಡಿಯ ಪಕ್ಕದ ಅರ್ತಿಂಗ್ ತಿರುಪಿಗೆ ಬಿಗಿಯಿರಿ. ಬಿಟ್ಟರೆ ‘ಹೂಂ’ ಎಂಬ ಗುನುಗು ತಪ್ಪುವುದಿಲ್ಲ. ಜೋಡಿಸುವಾಗ ಎಲ್ಲ ಸ್ವಿಚ್‌ಗಳೂ ಆರಿರಲಿ.

ಭಾರತದಲ್ಲಿ ಮಾರಾಟವಾದ ಅಗ್ಗದ ಪ್ಲೇಯರ್‌ಗಳಲ್ಲಿ ಹೆಚ್ಚಾಗಿ ಸೆರಾಮಿಕ್ ಕಾರ್ಟ್ರಿಜ್ ಇರುತ್ತಿತ್ತು. ಅದರ ಸದ್ದೇ ಜೋರು, ಪ್ರೀ-ಆಂಪ್ ಬೇಡ. ಆದರೆ ‘ಆಕ್ಸ್’ಗೆ ನೇರ ಹಾಕಿದರೆ ತಗ್ಗಿನ ಸ್ವರಗಳು ಸೊರಗುತ್ತವೆ; ಒಂದು ಮೆಗಾಓಮ್‌ನಷ್ಟು ಇನ್‌ಪುಟ್ ಪ್ರತಿರೋಧವಿರುವ ಚಿಕ್ಕ ಬಫರ್ ಸರ್ಕ್ಯೂಟ್ ನಡುವೆ ಬೇಕು. ರೇಡಿಯೊ ರಿಪೇರಿ ಬಲ್ಲವರಿಗೆ ಇದು ದೊಡ್ಡ ಕೆಲಸವಲ್ಲ. ಪೆಟ್ಟಿಗೆಯೊಳಗೇ ಆಂಪ್ಲಿಫೈಯರ್ ಇರುವ ಮಾದರಿಯಾದರೆ ಅದರ ಸ್ಪೀಕರ್ ತಂತಿಯನ್ನು ಎಳೆದು ಹೊಸ ಯಂತ್ರಕ್ಕೆ ಸಿಕ್ಕಿಸುವ ಸಾಹಸ ಬೇಡವೇ ಬೇಡ. ಟ್ರಾನ್ಸ್‌ಫಾರ್ಮರ್ ಇಲ್ಲದ ಕೆಲವು ಹಳೆಯ ಯಂತ್ರಗಳಲ್ಲಿ ಲೋಹದ ಚೌಕಟ್ಟಿಗೇ ಕರೆಂಟ್ ಬರುತ್ತದೆ.

ಕರಾವಳಿಯ ಉಪ್ಪುಗಾಳಿಗೆ ಪ್ಲಗ್‌ಗಳು ಕಿಲುಬು ಹಿಡಿದಿರುತ್ತವೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಅವನ್ನು ಒರೆಸಿ. ಬೆಲ್ಟ್ ಸಡಿಲವೋ ಅಂಟೋ ಆಗಿದ್ದರೆ ಬದಲಿಸಿ. ವೇಗ ಸರಿಯಿದೆಯೇ ನೋಡಲು ತಟ್ಟೆಯ ಅಂಚಿಗೆ ಕಾಗದದ ಚೂರು ಅಂಟಿಸಿ ಎಣಿಸಿ: ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಮೂರು ನಿಮಿಷಕ್ಕೆ ನೂರು ಸುತ್ತು. 60 ಹರ್ಟ್ಸ್ ವಿದ್ಯುತ್ತಿನ ದೇಶಕ್ಕೆಂದು ಮಾಡಿದ ಎಸಿ ಮೋಟಾರಿನ ಯಂತ್ರ ನಮ್ಮ 50 ಹರ್ಟ್ಸ್‌ನಲ್ಲಿ ನಿಮಿಷಕ್ಕೆ ಸುಮಾರು 28 ಸುತ್ತಿಗೆ ಇಳಿದು ಗಾಯಕನ ಕಂಠವನ್ನೇ ದಪ್ಪವಾಗಿಸುತ್ತದೆ.

ಶಿರಸಿ, ಸಿದ್ದಾಪುರದ ಹಲಗೆ ಹಾಸಿದ ಮಹಡಿಯಲ್ಲಿ ಯಾರೋ ನಡೆದರೂ ಮುಳ್ಳು ಹಾರುತ್ತದೆ. ಅಲ್ಲಿ ಗೋಡೆಗೆ ಬಿಗಿದ ಕಪಾಟೇ ವಾಸಿ. ಸ್ಪೀಕರ್ ಅದೇ ಮೇಜಿನ ಮೇಲೆ ಇರಬಾರದು. ಇದ್ದರೆ ಅದರ ಕಂಪನ ಮುಳ್ಳಿಗೆ ತಲುಪಿ ಊಳಿಡತೊಡಗುತ್ತದೆ.

ಸೌಂಡ್‌ಬಾರ್‌ನಲ್ಲಿ ಆಪ್ಟಿಕಲ್ ಕಿಂಡಿ ಮಾತ್ರ ಇದ್ದರೆ ಪ್ರೀ-ಆಂಪ್‌ನ ನಂತರ ಅನಲಾಗ್‌ನಿಂದ ಡಿಜಿಟಲ್‌ಗೆ ಬದಲಿಸುವ ಪರಿವರ್ತಕವೂ ಬೇಕು. ಬ್ಲೂಟೂತ್ ಟ್ರಾನ್ಸ್‌ಮಿಟರ್‌ನಿಂದಲೂ ಆಗುತ್ತದೆ, ಆದರೆ ಎಲ್‌ಪಿ ಕೇಳಲು ಇಷ್ಟೆಲ್ಲ ಪಾಡು ಪಟ್ಟ ಮೇಲೆ ತಂತಿಯೇ ಇರಲಿ ಎನ್ನುವುದು ನನ್ನ ಮಾತು.

78 ವೇಗದ ಹಳೆಯ ಪ್ಲೇಟುಗಳಿದ್ದರೆ ಎಲ್‌ಪಿಯ ಮುಳ್ಳನ್ನು ಅವುಗಳ ಮೇಲೆ ಇಡಬೇಡಿ. ಅವುಗಳ ಗೆರೆ ಅಗಲ, ಸುಮಾರು ಮೂರು ಪಟ್ಟು ದಪ್ಪದ ಮುಳ್ಳು ಬೇಕು. ಅನೇಕ ಸೆರಾಮಿಕ್ ಕಾರ್ಟ್ರಿಜ್‌ಗಳಲ್ಲಿ ಎರಡೂ ಬಗೆಯ ಮುಳ್ಳುಗಳಿದ್ದು, ಹಿಡಿಯನ್ನು ತಿರುಗಿಸಿದರೆ ಸಾಕು. ಇಂಥ ಪ್ಲೇಟುಗಳನ್ನು ಆಲ್ಕೊಹಾಲ್‌ನಿಂದ ಎಂದೂ ಒರೆಸಬೇಡಿ, ಅವು ಅರಗಿನವು, ಕರಗುತ್ತವೆ.