ದೊಲ್ಮುಶ್ ಹಿಡಿದು, ಕಾಲ್ನಡಿಗೆಯಲ್ಲಿ ಕಪಡೋಕಿಯಾ: ನನ್ನ ಅನುಭವ

ಬಂಡೆಯಲ್ಲಿ ಕಡೆದ ಮನೆಗಳೂ ನೆಲದಡಿಯ ನಗರಗಳೂ ಇರುವ ಟರ್ಕಿಯ ಕಪಡೋಕಿಯಾ ಸೀಮೆಯನ್ನು ಟೂರ್ ಕಂಪನಿಯ ಹಂಗಿಲ್ಲದೆ, ಅಲ್ಲಿನ ಜನ ದಿನನಿತ್ಯ ಓಡಾಡುವ ದೊಲ್ಮುಶ್ ಎಂಬ ಮಿನಿಬಸ್ಸನ್ನೂ ನಮ್ಮ ಕಾಲುಗಳನ್ನೂ ನಂಬಿಕೊಂಡು, ಅರವತ್ತೈದು ದಾಟಿದ ಅಮ್ಮನನ್ನೂ ಜೊತೆಗೆ ಕರೆದುಕೊಂಡು ನೋಡಿ ಬರಬಹುದು ಎಂದು ನಾನು ಹೇಳಿದಾಗ ಮನೆಯಲ್ಲಿ ಯಾರೂ ಒಪ್ಪಲಿಲ್ಲ. "ನೀನು ಹೋಗೋದಾದ್ರೆ ಹೋಗು, ಅತ್ತೇನ ಯಾಕಪ್ಪಾ ಆ ಬಿಲಕ್ಕೆ ಇಳಿಸ್ತೀಯ?" ಎಂದು ಭಾವ ನೇರವಾಗಿಯೇ ಕೇಳಿದರು. ನನ್ನಂತೆಯೇ ಊರೂರು ಸುತ್ತುವ ಗೆಳೆಯರೂ ಬಾಡಿಗೆ ಕಾರಿಲ್ಲದೆ ಆ ಸೀಮೆಯಲ್ಲಿ ಏನೂ ಸಾಗದು ಎಂದರು. ಸಾಗಿತು. ಅಮ್ಮ ಡೆರಿಂಕುಯು ಎಂಬ ನೆಲದಡಿಯ ನಗರದ ತಳದ ಮಹಡಿಯವರೆಗೂ ಇಳಿದು, ಹತ್ತಿ ಬಂದರು. ವೀಸಾ, ವಿಮಾನ, ಸಿಮ್ ಕಾರ್ಡ್, ಆಫ್‌ಲೈನ್ ನಕಾಶೆ ಇವೆಲ್ಲ ನಿಮಗೆ ಗೊತ್ತಿರುವ ಸಂಗತಿಗಳಾದ್ದರಿಂದ ಅವನ್ನು ಬಿಟ್ಟು, ಉಳಿದದ್ದನ್ನು ಬರೆಯುತ್ತೇನೆ.

ನನ್ನ ಹಟಕ್ಕೆ ಕಾರಣವಿತ್ತು. ಹಿಂದೊಮ್ಮೆ ನಾನೂ ನನ್ನ ಹೆಂಡತಿಯೂ ಒಂದು ಟೂರ್ ಕಂಪನಿಯ ತಂಡದೊಂದಿಗೆ ಇಲ್ಲಿಗೆ ಬಂದಿದ್ದೆವು. ನಮ್ಮ ವ್ಯಾನು ಡೆರಿಂಕುಯು ತಲುಪಿದಾಗ ಹನ್ನೊಂದು ಗಂಟೆ. ಪ್ರವಾಸಿಗರು ಹೆಚ್ಚಾಗಿ ತಂಗುವ ಗೊರೆಮೆ ಊರಿನಿಂದ ಹೊರಟ ಹತ್ತಾರು ವ್ಯಾನುಗಳು ಬಂದು ಸೇರುವ ಹೊತ್ತೂ ಅದೇ. ಒಬ್ಬರಿಗಷ್ಟೇ ಜಾಗವಿರುವ ಮೆಟ್ಟಿಲಿನ ಮೇಲ್ತುದಿಯಲ್ಲಿ ಇಳಿಯುವವರು, ಕೆಳತುದಿಯಲ್ಲಿ ಹತ್ತುವವರು ನಿಂತು ಕಾಯುತ್ತಿದ್ದರು. ನಮಗೆ ಕೊಟ್ಟಿದ್ದ ಮುಕ್ಕಾಲು ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆ ಕಾಯುವುದರಲ್ಲೇ ಕಳೆದು, ಮೂರನೆಯ ಮಹಡಿಯಿಂದಲೇ ನಮ್ಮನ್ನು ವಾಪಸ್ ಹತ್ತಿಸಿದರು. ಬಳಿಕ ಓನಿಕ್ಸ್ ಕಲ್ಲಿನ ಒಂದು ಅಂಗಡಿಗೆ ಕರೆದೊಯ್ದು, ನೆಲದಡಿಯ ನಗರಕ್ಕೆ ಕೊಟ್ಟದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲಿ ಕೂರಿಸಿದರು. ಆ ಒಂದು ದಿನಕ್ಕೆ ತಲಾ ನಾಲ್ಕು ಸಾವಿರ ರೂಪಾಯಿಯಷ್ಟು ಕೊಟ್ಟ ನೆನಪು.

ಈ ಸಲ ಮೊದಲು ಬದಲಾಯಿಸಿದ್ದು ತಂಗುವ ಊರನ್ನು. ಎಲ್ಲರೂ ನೇರವಾಗಿ ಗೊರೆಮೆಗೆ ಹೋಗಿ ಇಳಿಯುತ್ತಾರೆ, ಆದರೆ ನೆಲದಡಿಯ ನಗರಗಳಿರುವುದು ನೆವ್‌ಶೆಹಿರ್‌ನಿಂದ ದಕ್ಷಿಣಕ್ಕೆ: ಕಾಯ್ಮಾಕ್ಲಿ ಸುಮಾರು 20 ಕಿ.ಮೀ., ಡೆರಿಂಕುಯು ಸುಮಾರು 30 ಕಿ.ಮೀ. ಗೊರೆಮೆಯಿಂದ ಹೊರಟರೆ ನೆವ್‌ಶೆಹಿರ್‌ನಲ್ಲಿ ಇಳಿದು ಇನ್ನೊಂದು ದೊಲ್ಮುಶ್ ಹಿಡಿಯಬೇಕಾಗುತ್ತದೆ. ಎಂಟು ಗಂಟೆಗೆ ಬಾಗಿಲು ತೆರೆಯುವ ಹೊತ್ತಿಗೆ ತಲುಪುವುದು ಆಗದ ಮಾತು. ಆದ್ದರಿಂದ ಮೊದಲ ರಾತ್ರಿಗಳನ್ನು ನೆವ್‌ಶೆಹಿರ್ ಪೇಟೆಯ ಒಂದು ಸಾಧಾರಣ ಹೋಟೆಲಿನಲ್ಲಿ ಕಳೆದೆವು. ಗುಹೆಯೂ ಇಲ್ಲ, ನೋಟವೂ ಇಲ್ಲ, ನಾನು, ಹೆಂಡತಿ, ಅಮ್ಮ ಮೂವರಿಗೆ ಎರಡೂವರೆ ಸಾವಿರ ರೂಪಾಯಿಯ ಕೋಣೆ. ಬೆಳಗಿನ ದೊಲ್ಮುಶ್‌ನಲ್ಲಿ ಶಾಲೆಯ ಮಕ್ಕಳು, ಸಂತೆಗೆ ಹೊರಟ ರೈತರು, ನಾವು ಮೂವರು. ತಲಾ ನೂರು ರೂಪಾಯಿಯೂ ಆಗಲಿಲ್ಲ.

ಡೆರಿಂಕುಯುವಿನ ಬಾಗಿಲು ತೆರೆದಾಗ ಟಿಕೆಟ್ ಕಿಟಕಿಯ ಮುಂದೆ ನಾವಲ್ಲದೆ ಇನ್ನೊಂದೇ ಕುಟುಂಬವಿತ್ತು. ಒಳಗೆ ಕೆಂಪು ಬಾಣ ಇಳಿಯುವ ದಾರಿಯನ್ನೂ ನೀಲಿ ಬಾಣ ಹತ್ತುವ ದಾರಿಯನ್ನೂ ತೋರಿಸುತ್ತದೆ. ಜನವಿಲ್ಲದ ಹೊತ್ತಿನಲ್ಲಿ ಅಷ್ಟು ಸಾಕು. ಮೇಲಿನ ಮಹಡಿಯಲ್ಲಿ ದನಕರುಗಳ ಕೊಟ್ಟಿಗೆ, ಬಂಡೆಯಲ್ಲೇ ಕಡೆದ ಗೋದಲಿಗಳು. ಎರಡನೆಯದರಲ್ಲಿ ಕಮಾನು ಛಾವಣಿಯ ಉದ್ದನೆಯ ಕೋಣೆ, ಪಾದ್ರಿಗಳ ಶಾಲೆಯೆಂದು ಹೇಳುತ್ತಾರೆ. ಮೂರನೆಯದರಿಂದ ನಾಲ್ಕಕ್ಕೆ ಇಳಿಯುವ ಮೆಟ್ಟಿಲ ಸಾಲೇ ಈ ಜಾಗದ ನಿಜವಾದ ಪರೀಕ್ಷೆ. ಅಮ್ಮನಿಗೆ ಸೀರೆಯ ಬದಲು ಚೂಡಿದಾರ ಹಾಕಿಸಿದ್ದೆವು. ಪ್ರತಿ ಮಹಡಿಯಲ್ಲೂ ಕುಳಿತು ಸುಧಾರಿಸಿಕೊಳ್ಳಬೇಕು, ಸೊಂಟ ಬಗ್ಗಿಸದೆ ಮೊಣಕಾಲು ಮಡಿಸಿ ಇಳಿಯಬೇಕು, ಒಂದು ಕೈ ಸದಾ ಗೋಡೆಯ ಮೇಲಿರಬೇಕು ಎಂದು ಊರಲ್ಲೇ ಅಭ್ಯಾಸ ಮಾಡಿಸಿದ್ದೆ. ಟೂರ್ ತಂಡಕ್ಕೆ ಮುಕ್ಕಾಲು ಗಂಟೆಯ ಜಾಗದಲ್ಲಿ ನಾವು ಎರಡು ಗಂಟೆಯ ಹತ್ತಿರ ತೆಗೆದುಕೊಂಡೆವು. ಶಿಲುಬೆಯಾಕಾರದ ಇಗರ್ಜಿಯಿರುವ ತಳದ ಮಹಡಿಯಲ್ಲಿ ಅಮ್ಮ ನಿಂತಿರುವ ಫೋಟೋವನ್ನು ಮೇಲೆ ಬಂದ ಕೂಡಲೇ ಭಾವನಿಗೆ ಕಳಿಸಿದೆ.

ಇಡೀ ನಗರದ ಆಳ ಸುಮಾರು 85 ಮೀಟರ್, ಇಪ್ಪತ್ತು ಸಾವಿರ ಜನ ಅಡಗಿ ಕೂರಬಹುದಿತ್ತು ಎಂದು ಎಲ್ಲರೂ ಬರೆಯುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬಾಗಿಲ ಕಲ್ಲು. ಬೀಸುಕಲ್ಲಿನಂತೆ ದುಂಡಗೆ, ನಡುವೆ ತೂತು, ನನ್ನ ಎದೆಯ ಎತ್ತರ, ಒಂದು ಮೊಳಕ್ಕಿಂತ ತುಸು ಕಡಿಮೆ ದಪ್ಪ; ಗೋಡೆಯ ಗೂಡಿನಲ್ಲಿ ನಿಲ್ಲಿಸಿಟ್ಟಿರುತ್ತಾರೆ. ಒಳಗಿನವರು ಅದನ್ನು ಉರುಳಿಸಿದರೆ ದಾರಿ ಮುಚ್ಚಿಹೋಗುತ್ತದೆ, ಹೊರಗಿನವರಿಗೆ ಕೈ ಹಾಕಲು ಹಿಡಿಯೇ ಸಿಗುವುದಿಲ್ಲ. ಕಲ್ಲಿನ ಹಿಂಬದಿಗೆ ಹೋಗಿ ನೋಡಿದರೆ ಅದನ್ನು ಉರುಳಿಸುವವರು ಬೆನ್ನು ಕೊಟ್ಟು ತಳ್ಳಲು ಬೇಕಾದಷ್ಟೇ ಜಾಗವನ್ನು ಕಡೆದಿದ್ದಾರೆ, ಒಂದು ಅಂಗುಲ ಹೆಚ್ಚಿಲ್ಲ.

ಗಾಳಿಗೂಡಿನ ಬಗ್ಗೆ ಒಂದು ಚಿಕ್ಕ ಪ್ರಯೋಗ ಮಾಡಿದೆ. ಮೇಲಿನಿಂದ ಆಳಕ್ಕೆ ಇಳಿಯುವ ದೊಡ್ಡ ಗಾಳಿಗೂಡು ಸುಮಾರು 55 ಮೀಟರಿನದು, ಅದನ್ನೇ ಬಾವಿಯಾಗಿಯೂ ಬಳಸುತ್ತಿದ್ದರು. ಟಿಶ್ಯೂ ಕಾಗದದ ಬೆರಳಗಲದ ಪಟ್ಟಿಯೊಂದನ್ನು ದಾರಕ್ಕೆ ಕಟ್ಟಿ ಪ್ರತಿ ಮಹಡಿಯಲ್ಲೂ ಅದರ ಬಾಯಿಗೆ ಹಿಡಿದೆ. ಮೇಲಿನ ಮಹಡಿಗಳಲ್ಲಿ ಪಟ್ಟಿ ಸುಮ್ಮನೆ ಅಲುಗಾಡಿತು. ಕೆಳಗೆ ಹೋದಂತೆ ಒಂದೇ ದಿಕ್ಕಿಗೆ ವಾಲಿ ನಿಂತಿತು. ಹೊರಗೆ ಚಳಿಯ ಬೆಳಗು, ಒಳಗೆ ನನ್ನ ಪುಟ್ಟ ಉಷ್ಣಮಾಪಕದಲ್ಲಿ ಹದಿಮೂರು ಹದಿನಾಲ್ಕು ಡಿಗ್ರಿ; ಆ ವ್ಯತ್ಯಾಸವೇ ಗಾಳಿಯನ್ನು ಎಳೆಯುತ್ತಿದೆ ಎಂದು ನನ್ನ ಲೆಕ್ಕ. ಇಕ್ಕಟ್ಟಿನ ಭಯವಿರುವವರನ್ನು ಇಂಥ ಗಾಳಿಗೂಡಿನ ಪಕ್ಕದಲ್ಲಿ ಐದು ನಿಮಿಷ ನಿಲ್ಲಿಸಿದರೆ ಅವರ ಉಸಿರು ಸರಿಹೋಗಬಹುದು. ನನ್ನ ಹೆಂಡತಿಯ ವಿಷಯದಲ್ಲಿ ಇದು ಚೆನ್ನಾಗಿ ನಡೆಯಿತು.

ಇಲ್ಲಿದ್ದ ಗ್ರೀಕ್ ಕ್ರೈಸ್ತರು ಗ್ರೀಸ್ ಮತ್ತು ಟರ್ಕಿಯ ನಡುವಿನ 1923ರ ಜನವಿನಿಮಯದಲ್ಲಿ ಊರು ಬಿಟ್ಟು ಹೋದರು. 1963ರಲ್ಲಿ ಒಬ್ಬರು ತಮ್ಮ ಮನೆ ದುರಸ್ತಿ ಮಾಡಿಸುವಾಗ ಗೋಡೆಯ ಹಿಂದೆ ಕೋಣೆಯೊಂದು ಕಂಡು, ಅಲ್ಲಿಂದ ಈ ನಗರ ಮತ್ತೆ ಬೆಳಕಿಗೆ ಬಂತು. ಈಗಲೂ ಮೇಲೆ ಸಾಮಾನ್ಯ ಊರೊಂದು ನಡೆಯುತ್ತಲೇ ಇದೆ. ಬೀದಿಯಲ್ಲಿ ನಿಂತವರಿಗೆ ಕೆಳಗೇನಿದೆ ಎಂಬುದರ ಒಂದು ಸುಳಿವೂ ಸಿಗದು.

ಕಾಯ್ಮಾಕ್ಲಿಗೆ ಅದೇ ದಿನ, ಆದರೆ ಮಧ್ಯಾಹ್ನ ವ್ಯಾನುಗಳು ಹಿಂದಿರುಗಿದ ಮೇಲೆ ಹೋದೆವು. ನೋಡಲು ತೆರೆದಿರುವುದು ನಾಲ್ಕೇ ಮಹಡಿ, ಆದರೆ ನಗರ ಅಡ್ಡಕ್ಕೆ ಹರಡಿಕೊಂಡಿದೆ, ಸುರಂಗಗಳು ಡೆರಿಂಕುಯುವಿನವಕ್ಕಿಂತ ತಗ್ಗು. ಮೈಯೆಲ್ಲ ಗುಳಿಗಳಿರುವ ಆಂಡೆಸೈಟ್ ಕಲ್ಲೊಂದಿದೆ, ತಾಮ್ರದ ಕೆಲಸಕ್ಕೆ ಬಳಸುತ್ತಿದ್ದರಂತೆ. ಅದನ್ನು ತಪ್ಪದೆ ನೋಡಿ. ಎರಡರಲ್ಲಿ ಒಂದೇ ಸಾಕು ಎನ್ನುವವರಿಗೆ ನಾನು ಹೇಳುವುದು ಡೆರಿಂಕುಯು. ಅವಾನೋಸ್ ಊರಿನ ಕಡೆ ಇರುವ ಓಜ್ಕೊನಾಕ್ ಎಂಬ ಇನ್ನೊಂದು ನೆಲದಡಿಯ ನಗರದಲ್ಲಿ ಬಾಗಿಲ ಕಲ್ಲಿನ ಮೇಲುಗಡೆ, ಹೊರಗೆ ನಿಂತ ಶತ್ರುವಿನ ಮೇಲೆ ಕುದಿಯುವ ಎಣ್ಣೆ ಸುರಿಯಲೆಂದು ಕೊರೆದ ರಂಧ್ರಗಳಿವೆ. ಅಷ್ಟು ದೂರ ಹೋಗುವ ಪುರುಸೊತ್ತು ನಮಗೆ ಸಿಗಲಿಲ್ಲ.

ಇನ್ನು ಗುಹೆಯ ವಾಸ. ಹಣ ಹಾಳಾದದ್ದು ಇಲ್ಲಿಯೇ. ಗೊರೆಮೆಯಲ್ಲಿ ಮೊದಲು ಇಳಿದ ಕೋಣೆಯ ಫೋಟೋಗಳು ಚೆನ್ನಾಗಿದ್ದವು, ರಾತ್ರಿಗೆ ನಾಲ್ಕು ಸಾವಿರ ರೂಪಾಯಿ. ಪೂರ್ತಿ ಬಂಡೆಯೊಳಗಿನ ಕೋಣೆ, ಇದ್ದ ಒಂದೇ ಕಿಟಕಿಯೂ ಓಣಿಗೆ ತೆರೆಯುತ್ತಿತ್ತು. ಮಲಗುವ ಮುನ್ನ ತೇವಮಾಪಕ ಶೇಕಡಾ ಎಂಬತ್ತೈದರ ಮೇಲೆ ತೋರಿಸುತ್ತಿತ್ತು. ಬೆಳಗಾಗುವಾಗ ಹೊದಿಕೆಗೆ ತಂಪು ಹಿಡಿದಿತ್ತು, ದಿಂಬಿನ ಮೇಲೆ ಛಾವಣಿಯಿಂದ ಉದುರಿದ ಮರಳಿನಂಥ ಪುಡಿ, ಅಮ್ಮನಿಗೆ ಸೀನು. ಗೋಡೆಗೆ ಹೊಳೆಯುವ ಬಣ್ಣ ಬಳಿದಿದ್ದರು, ಅದರ ಮೇಲೆ ನೀರಹನಿ ಕಟ್ಟಿತ್ತು. ಅಲ್ಲಿನ ಟಫ್ ಎಂಬ ಜ್ವಾಲಾಮುಖಿಯ ಬೂದಿಗಲ್ಲು ಉಸಿರಾಡುವ ಕಲ್ಲು. ಅದರ ಬಾಯಿ ಮುಚ್ಚಿದರೆ ಕೋಣೆಯ ತೇವ ಹೋಗಲು ದಾರಿಯಿರುವುದಿಲ್ಲ. ಮಾರನೆಯ ಬೆಳಿಗ್ಗೆಯೇ ಹೊರಟೆವು. ಉಳಿದ ರಾತ್ರಿಗಳಿಗೆ ಕಟ್ಟಿದ್ದ ಮುಂಗಡ, ಸುಮಾರು ಎಂಟು ಸಾವಿರ, ವಾಪಸ್ ಬರಲಿಲ್ಲ.

ಎರಡನೆಯ ಕೋಣೆ ಗೊರೆಮೆಯ ಹತ್ತಿರದ ಊರಾದ ಓರ್ತಾಹಿಸಾರ್‌ನಲ್ಲಿ ಸಿಕ್ಕಿತು. ಹಿಂದಿನ ಅರ್ಧ ಬಂಡೆಯಲ್ಲಿ ಕಡೆದದ್ದು, ಮುಂದಿನ ಅರ್ಧ ಕಲ್ಲುಕಮಾನಿನಲ್ಲಿ ಕಟ್ಟಿದ್ದು, ಬೆಳಗಿನ ಬಿಸಿಲು ಬೀಳುವ ಕಿಟಕಿ, ಉಳಿಯ ಗೆರೆಗಳು ಹಾಗೇ ಕಾಣುವ ಬರಿಗೋಡೆ. ಬಾಡಿಗೆ ಆರೂವರೆ ಸಾವಿರ, ಬೆಳಗಿನ ಉಪಾಹಾರ ಸೇರಿ. ಹೊರಗೆ ಮೂರು ನಾಲ್ಕು ಡಿಗ್ರಿಗೆ ಇಳಿದ ರಾತ್ರಿಯಲ್ಲೂ ಹೀಟರ್ ಹಾಕದೆ ಒಳಗೆ ಹದಿನೇಳರ ಆಸುಪಾಸು ನಿಂತಿತ್ತು, ತೇವ ಅರವತ್ತನ್ನು ದಾಟಲಿಲ್ಲ. ಗುಹೆಕೋಣೆ ಬೇಕೆನ್ನುವವರು ಇಂಥ ಅರ್ಧಂಬರ್ಧ ಕೋಣೆಯನ್ನೇ ಹುಡುಕಬೇಕು. ಬುಕ್ ಮಾಡುವ ಮುನ್ನ ಮಾಲೀಕರಿಗೆ ನಾನು ಬರೆದು ಕೇಳುವ ಪ್ರಶ್ನೆಯೊಂದಿದೆ, ಅದರ ಉತ್ತರದಿಂದಲೇ ಕೋಣೆಯ ಗುಣ ತಿಳಿದುಬಿಡುತ್ತದೆ. ಅದನ್ನು ಮಾತ್ರ ನನ್ನಲ್ಲೇ ಉಳಿಸಿಕೊಳ್ಳುತ್ತೇನೆ.

ಓರ್ತಾಹಿಸಾರ್‌ನ ಇನ್ನೊಂದು ಲಾಭ ಅಲ್ಲಿನ ಉಗ್ರಾಣಗಳು. ಮೆಡಿಟರೇನಿಯನ್ ತೀರದ ನಿಂಬೆಹಣ್ಣನ್ನು ಇಲ್ಲಿಗೆ ತಂದು ಇದೇ ಟಫ್ ಕಲ್ಲಿನ ಗುಹೆಗಳಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ, ಆಲೂಗಡ್ಡೆಯನ್ನೂ ಹಾಗೆಯೇ. ಉಗ್ರಾಣದ ಕೆಲಸಗಾರರೊಬ್ಬರು ಒಳಗೆ ಬಿಟ್ಟರು. ಪೆಟ್ಟಿಗೆಗಳ ಸಾಲಿನ ನಡುವೆ ಉಷ್ಣಮಾಪಕವಿಟ್ಟರೆ ಡೆರಿಂಕುಯುವಿನಲ್ಲಿ ಕಂಡ ಅಂಕಿಯ ಹತ್ತಿರವೇ ಬಂತು. ಸಾವಿರ ವರ್ಷದ ಹಿಂದೆ ಧಾನ್ಯ ಉಳಿಸಿದ ಉಪಾಯ ಇವತ್ತೂ ವ್ಯಾಪಾರಕ್ಕೆ ಬರುತ್ತಿರುವುದನ್ನು ಕಣ್ಣಾರೆ ನೋಡಿದ್ದು ನನಗೆ ಇಲ್ಲಿ ಹೆಸರಾದ ಬಿಸಿಗಾಳಿ ಬಲೂನಿನ ಹಾರಾಟಕ್ಕಿಂತ ದೊಡ್ಡ ಸಂತೋಷ.

ಕಣಿವೆಗಳಲ್ಲಿ ನಾವು ಪಾಲಿಸಿದ್ದು ಒಂದೇ ಕ್ರಮ: ದೊಲ್ಮುಶ್‌ನಲ್ಲಿ ಎತ್ತರದ ತುದಿಗೆ ಹೋಗುವುದು, ಅಲ್ಲಿಂದ ಇಳಿಯುತ್ತಾ ನಡೆಯುವುದು. ಗುವೆರ್ಜಿನ್ಲಿಕ್ ಎಂಬ ಪಾರಿವಾಳದ ಕಣಿವೆಯನ್ನು ಉಚ್‌ಹಿಸಾರ್‌ನಿಂದ ಗೊರೆಮೆಗೆ ಇಳಿದೆವು, ನಾಲ್ಕು ಕಿಲೋಮೀಟರು. ಬಂಡೆಯಲ್ಲಿ ಕೊರೆದು ಬಣ್ಣದ ಚಿತ್ತಾರ ಬಿಡಿಸಿದ ಪಾರಿವಾಳದ ಗೂಡುಗಳನ್ನು ದ್ರಾಕ್ಷಿತೋಟದ ಗೊಬ್ಬರಕ್ಕಾಗಿ ಮಾಡಿದ್ದು. ಹಿಕ್ಕೆಯನ್ನು ವರ್ಷಕ್ಕೊಮ್ಮೆ ಕೆರೆದು ತೆಗೆಯುತ್ತಿದ್ದರಂತೆ. ಕೆಂಪು ಕಣಿವೆ, ಗುಲಾಬಿ ಕಣಿವೆಗಳನ್ನು ಕಿಜಿಲ್‌ಚುಕುರ್‌ನ ನೋಟದ ದಿಬ್ಬದಿಂದ ಚಾವುಶಿನ್ ಹಳ್ಳಿಯವರೆಗೆ ಇಳಿದೆವು. ಇಲ್ಲಿ ಆಫ್‌ಲೈನ್ ನಕಾಶೆಯನ್ನು ಪೂರ್ತಿ ನಂಬಬಾರದು: ಅದರಲ್ಲಿ ಕೂಡಿಕೊಂಡಂತೆ ಕಾಣುವ ಎರಡು ದಾರಿಗಳ ನಡುವೆ ನೆಲದಲ್ಲಿ ನಾಲ್ಕಾಳು ಎತ್ತರದ ಬಂಡೆ ಇರುತ್ತದೆ. ಮಳೆ ಬಿದ್ದ ಮರುದಿನ ಟಫ್ ಮೇಲಿನ ಪುಡಿ ಸಾಬೂನಾಗುತ್ತದೆ, ಅಂಥ ದಿನ ಅಮ್ಮನನ್ನು ಕೋಣೆಯಲ್ಲೇ ಬಿಟ್ಟೆವು. ಛಾವಣಿಯ ತುಂಬಾ ದೊಡ್ಡ ಶಿಲುಬೆ ಕಡೆದಿರುವ ಹಾಚ್ಲಿ ಇಗರ್ಜಿಯನ್ನು ಎಲ್ಲರೂ ನೋಡುತ್ತಾರೆ. ಅಲ್ಲಿಂದ ಮುಂದೆ, ಸಂಜೆ ಬೆಳಕಿಗೆ ನಾವು ಮಾತ್ರ ಕುಳಿತ ಬಂಡೆಯ ಚಾಚೊಂದಿದೆ. ಅದಕ್ಕೆ ಹೋಗುವ ಕವಲನ್ನು ಬರೆದರೆ ಅಲ್ಲಿಯೂ ಜನಸಂದಣಿಯಾದೀತು, ನೀವೇ ಹುಡುಕಿಕೊಳ್ಳಿ.

ಇಹ್ಲಾರಾ ಕಣಿವೆ ಮಾತ್ರ ದೊಲ್ಮುಶ್‌ಗೆ ಒಗ್ಗಲಿಲ್ಲ. ಅಕ್ಸರಾಯ್ ಸುತ್ತಿ ಹೋಗಬೇಕು, ಇಡೀ ದಿನ ಬಸ್ಸಿನಲ್ಲೇ ಮುಗಿಯುತ್ತದೆ. ಒಂದು ಟ್ಯಾಕ್ಸಿಗೆ ಹೋಗಿಬರಲು ಒಂಬತ್ತು ಸಾವಿರದಷ್ಟು ಕೊಟ್ಟೆವು, ಇಡೀ ಪ್ರವಾಸದಲ್ಲಿ ವಾಹನಕ್ಕೆ ತೆತ್ತ ದೊಡ್ಡ ಮೊತ್ತ ಅದೇ. ಮುಖ್ಯದ್ವಾರದಲ್ಲಿ ಸುಮಾರು ನಾನೂರು ಮೆಟ್ಟಿಲಿಳಿಯಬೇಕು. ನಾನೊಬ್ಬನೇ ಅಲ್ಲಿಂದ ಇಳಿದು ಮೆಲೆಂಡಿಜ್ ಹೊಳೆಯ ಹರಿವಿನ ಜೊತೆಗೇ ಬೆಲಿಸಿರ್ಮಾ ಹಳ್ಳಿಗೆ ನಡೆದೆ. ಅಮ್ಮನೂ ಹೆಂಡತಿಯೂ ಟ್ಯಾಕ್ಸಿಯಲ್ಲಿ ನೇರವಾಗಿ ಬೆಲಿಸಿರ್ಮಾ ತಲುಪಿ, ಮೆಟ್ಟಿಲಿನ ಕಾಟವಿಲ್ಲದ ಆ ಬಾಗಿಲಿನಿಂದ ಒಳಬಂದರು. ಹೊಳೆಯ ಮೇಲೆ ಹಾಕಿದ ಹಲಗೆಯ ಕಟ್ಟೆಯಲ್ಲಿ ಕೂತು ಊಟ ಮಾಡಿದೆವು.

ಸಸ್ಯಾಹಾರಿಗಳಿಗೆ ಕಷ್ಟವಿಲ್ಲ: ಮೆರ್ಜಿಮೆಕ್ ಎಂಬ ಮಸೂರು ಬೇಳೆಯ ಸೂಪು, ಸೊಪ್ಪು ಅಥವಾ ಚೀಸ್ ತುಂಬಿದ ಗೊಜ್ಲೆಮೆ ರೊಟ್ಟಿ, ಮಜ್ಜಿಗೆಯಂಥ ಐರಾನ್ ಎಲ್ಲೆಡೆ ಸಿಗುತ್ತವೆ. ಹುರುಳಿಕಾಯಿ ಬೀಜದ ಪಲ್ಯವನ್ನು ಮಾಂಸದ ಸಾರಿನಲ್ಲಿ ಬೇಯಿಸಿರಬಹುದು, ಕೇಳಿ ತಿನ್ನಬೇಕು. ಅಮ್ಮ ತಂದಿದ್ದ ಚಟ್ನಿಪುಡಿ ಆ ರೊಟ್ಟಿಗೆ ಚೆನ್ನಾಗಿ ಹೊಂದಿತು.

ಬಲೂನನ್ನು ಬಿಟ್ಟೆವು. ತಲಾ ಹದಿನೈದು ಸಾವಿರದಿಂದ ಮೇಲಕ್ಕೆ ಕೇಳಿದರು. ಗಾಳಿ ಜೋರಾದ ಬೆಳಿಗ್ಗೆ ಅಧಿಕಾರಿಗಳು ಹಾರಾಟವನ್ನೇ ತಡೆಯುತ್ತಾರೆ, ನಾವಿದ್ದಾಗಲೂ ತಡೆದರು. ವಿಮಾನ, ವೀಸಾ ಬಿಟ್ಟು ಮೂವರಿಗೆ ವಾರದ ಮೇಲಿನ ಈ ಪ್ರವಾಸಕ್ಕೆ ಕಳೆದುಕೊಂಡ ಮುಂಗಡವೂ ಸೇರಿ ಒಂದು ಲಕ್ಷ ಹತ್ತು ಸಾವಿರದ ಆಸುಪಾಸು ಖರ್ಚಾಯಿತು. ಅಷ್ಟೇ ಜಾಗಗಳಿಗೆ, ಇದರ ಅರ್ಧ ದಿನಗಳಿಗೆ ಟೂರ್ ಕಂಪನಿಯೊಂದು ಹೇಳಿದ್ದು ಎರಡು ಲಕ್ಷ ಇಪ್ಪತ್ತು ಸಾವಿರ. ಭಾವ ಈಗ ಅಕ್ಕನ ಜೊತೆ ಹೋಗಲು ಅಕ್ಟೋಬರ್ ತಿಂಗಳನ್ನು ಗುರುತು ಹಾಕಿಕೊಂಡಿದ್ದಾರೆ. ಓರ್ತಾಹಿಸಾರ್‌ನ ಕೋಣೆಯ ವಿಳಾಸವನ್ನೂ, ಮೇಲೆ ಬರೆಯದೆ ಬಿಟ್ಟ ಆ ಪ್ರಶ್ನೆಯನ್ನೂ ಅವರಿಗೆ ಮಾತ್ರ ಕೊಟ್ಟಿದ್ದೇನೆ.