ಹಠವೋ, ಮದ್ದಿನ ಪರಿಣಾಮವೋ? ಮನೆಯಲ್ಲೇ ಗುರುತಿಸುವುದು ಹೇಗೆ

ಕಳೆದ ಮಳೆಗಾಲದಲ್ಲಿ ನಮ್ಮ ಮಗ ಊಟಕ್ಕೆ ಕೂರುವುದನ್ನೇ ಬಿಟ್ಟಿದ್ದ. ಒಂದು ತುತ್ತು ತಿಂದು ಏಳುವುದು, ಜಗಲಿಗೆ ಹೋಗಿ ಬರುವುದು, ಮತ್ತೆ ಒಂದು ತುತ್ತು. ನಿಂತಲ್ಲೂ ಕಾಲು ಬದಲಿಸುತ್ತಲೇ ಇರುತ್ತಿದ್ದ. ಅವನಿಗೆ ಒಂಬತ್ತು ವರ್ಷ. ಆಟಿಸಂ ಇದೆ, ಮಾತು ಕಡಿಮೆ. 'ಕಾಯಿಲೆ ಜೋರಾಗಿದೆ, ಮದ್ದು ಇನ್ನೂ ಸ್ವಲ್ಪ ಜಾಸ್ತಿ ಬೇಕೇನೋ' ಎಂದು ಅತ್ತೆ ಹೇಳಿದರು. ನನಗೂ ಹಾಗೇ ಅನ್ನಿಸಿತ್ತು. ಗೋಡೆಯ ಕ್ಯಾಲೆಂಡರ್ ನೋಡಿದಾಗ ಎದೆ ಧಸಕ್ಕೆಂದಿತು. ಸಿಟ್ಟು, ಕಿರಿಕಿರಿ ತಗ್ಗಿಸಲು ಕೊಡುತ್ತಿದ್ದ ರಿಸ್ಪೆರಿಡೋನ್ ಎಂಬ ಮದ್ದಿನ ಪ್ರಮಾಣ ಏರಿಸಿದ ಐದನೇ ದಿನಕ್ಕೆ ಇದು ಶುರುವಾಗಿತ್ತು.

ಡಾಕ್ಟರು ಇದಕ್ಕೆ ಅಕಥೀಸಿಯಾ ಎಂದರು. ಮೈಯೊಳಗಿನಿಂದಲೇ ಕೂರಲು ಬಿಡದ ಚಡಪಡಿಕೆ. ನೋಡಿದವರಿಗೆ ಹಠದಂತೆಯೇ ಕಾಣುತ್ತದೆ. ಆಗ ಅದೇ ಮದ್ದು ಏರಿಸಿದರೆ ಚಡಪಡಿಕೆಯೂ ಏರಬಹುದು. ಅವರು ಪ್ರಮಾಣ ಇಳಿಸಿದರು. ಹತ್ತು ದಿನ ಕಳೆದ ಮೇಲೆ ಮಗ ಮಣೆಯ ಮೇಲೆ ಕೂತು ಗಂಜಿ ಉಂಡ. ಆವತ್ತಿನಿಂದ ನಾನು ಮಾಡುತ್ತಾ ಬಂದದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಮದ್ದಿನ ಹೆಸರು

ಮಾತ್ರೆಯ ಪಟ್ಟಿಯ ಮೇಲೆ ದೊಡ್ಡದಾಗಿ ಕಾಣುವುದು ಕಂಪೆನಿ ಇಟ್ಟ ಹೆಸರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವುದೇ ಮದ್ದಿನ ನಿಜ ಹೆಸರು. ಅದನ್ನು ಬರೆದಿಡಿ, ಎಷ್ಟು ಮಿಲಿಗ್ರಾಂ ಎಂಬುದನ್ನೂ. ನಮ್ಮ ಕಾಸರಗೋಡಿನವರಿಗೆ ಇದು ಬಹಳ ಮುಖ್ಯ. ಕೇರಳದ ಗಡಿಯ ತಲಪಾಡಿ ದಾಟಿ ಮಂಗಳೂರಿನಲ್ಲಿ ತೋರಿಸುತ್ತೇವೆ, ಮದ್ದು ಮುಗಿದರೆ ಕುಂಬಳೆಯಲ್ಲೋ ಬದಿಯಡ್ಕದಲ್ಲೋ ತರುತ್ತೇವೆ, ನಡುವೆ ಜ್ವರ ಬಂದರೆ ಇಲ್ಲಿನ ಆಸ್ಪತ್ರೆಗೆ ಓಡುತ್ತೇವೆ. ಒಂದೇ ಮದ್ದು ಎರಡು ಹೆಸರಿನಲ್ಲಿ ಮನೆಗೆ ಬಂದು, ಎರಡನ್ನೂ ಕೊಟ್ಟುಬಿಡುವ ಅಪಾಯವಿದೆ. ಮುಗಿದ ಪಟ್ಟಿಗಳನ್ನು ಬಿಸಾಡದೆ ಒಂದು ಕವರಿನಲ್ಲಿ ಹಾಕಿಡಿ. ಯಾವ ಡಾಕ್ಟರ ಹತ್ತಿರ ಹೋದರೂ ಆ ಕವರ್ ಜೊತೆಗಿರಲಿ.

ಆಮೇಲೆ ಒಂದು ನೋಟ್‌ಬುಕ್

ಶಾಲೆಯ ಹಳೆಯ ನೋಟ್‌ಬುಕ್ಕೇ ಸಾಕು. ಮದ್ದು ಕೊಟ್ಟ ಹೊತ್ತು, ನಿದ್ದೆ, ಊಟ, ಹೊಟ್ಟೆ ಕಟ್ಟಿದೆಯೋ ಇಲ್ಲವೋ ಎಂಬುದು, ಏನಾಯಿತು, ಅದಕ್ಕೆ ಮೊದಲು ಏನಾಗಿತ್ತು, ಎಷ್ಟು ಹೊತ್ತು ಇತ್ತು. ಇಷ್ಟನ್ನು ಬರೆಯಿರಿ. 'ಇವತ್ತು ತುಂಬಾ ಹಠ' ಎಂದು ಬರೆದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. 'ಸಂಜೆ 5:30. ಟಿವಿ ಆಫ್ ಮಾಡಿದೆ. ತಂಗಿಗೆ ಹೊಡೆದ. 20 ನಿಮಿಷ ಅತ್ತ' ಎಂದು ಬರೆಯಿರಿ. ಕಣ್ಣಿಗೆ ಕಂಡದ್ದು ಮಾತ್ರ. ಮದ್ದು ಶುರು ಮಾಡಿದ ದಿನ, ಪ್ರಮಾಣ ಬದಲಾದ ದಿನ, ಕಂಪೆನಿ ಬದಲಾದ ದಿನಗಳಿಗೆ ಕೆಂಪು ಗೆರೆ ಹಾಕಿ. ನಿಮಗೆ ಬೇಕಾದ ಉತ್ತರ ಹೆಚ್ಚಾಗಿ ಆ ಗೆರೆಯ ಹತ್ತಿರವೇ ಸಿಗುತ್ತದೆ.

ಫೋನಿನಲ್ಲಿ ಅರ್ಧ ನಿಮಿಷದ ವಿಡಿಯೋ ಮಾಡಿಕೊಳ್ಳಿ. ಡಾಕ್ಟರ ಎದುರು ಮಕ್ಕಳು ಎಷ್ಟೋ ಸಲ ಸುಮ್ನೆ ಕೂತುಬಿಡುತ್ತಾರೆ, ಅಲ್ವಾ? ಇನ್ನೊಂದು ಕಾರಣವೂ ಇದೆ. ಮನೆಯಲ್ಲಿ ತುಳು ಅಥವಾ ಕನ್ನಡ, ಆಸ್ಪತ್ರೆಯ ಕೌಂಟರಿನಲ್ಲಿ ಮಲಯಾಳ, ಚೀಟಿಯಲ್ಲಿ ಇಂಗ್ಲಿಷ್. ಭಾಷೆಯಿಂದ ಭಾಷೆಗೆ ದಾಟುವಾಗ ಮಗುವಿನ ಕಷ್ಟದಲ್ಲಿ ಅರ್ಧ ಬಿದ್ದುಹೋಗುತ್ತದೆ. ವಿಡಿಯೋ ತೋರಿಸಿದರೆ ಆ ತೊಂದರೆಯಿಲ್ಲ. ಶಾಲೆಯ ಅಥವಾ ಬಡ್ಸ್ ಶಾಲೆಯ (ಬುದ್ಧಿ ಬೆಳವಣಿಗೆಯಲ್ಲಿ ತೊಂದರೆಯಿರುವ ಮಕ್ಕಳಿಗೆ ಕೇರಳದಲ್ಲಿರುವ ವಿಶೇಷ ಶಾಲೆ) ಟೀಚರನ್ನೂ ಕೇಳಿ. ಅಲ್ಲಿ ಸರಿಯಾಗಿದ್ದು ಸಂಜೆ ಮನೆಯಲ್ಲಿ ಮಾತ್ರ ಕಿರಿಕಿರಿ ಎಂದರೆ ಅದೂ ಒಂದು ಸುಳಿವು.

ಎಲ್ಲವನ್ನೂ ಮದ್ದಿನ ತಲೆಗೆ ಕಟ್ಟುವ ಮೊದಲು ಹಲ್ಲು, ಕಿವಿ, ಹೊಟ್ಟೆ ನೋಡಿಸಿ. ಮಾತು ಬಾರದ ಮಗು ನೋವನ್ನು ಹೊಡೆತದಲ್ಲಿ, ಕಚ್ಚುವುದರಲ್ಲಿ ಹೇಳುತ್ತದೆ.

ಯಾವ ಮದ್ದಿಗೆ ಏನು ಗಮನಿಸಬೇಕು

ರಿಸ್ಪೆರಿಡೋನ್ ಹಸಿವನ್ನೂ ತೂಕವನ್ನೂ ಏರಿಸುತ್ತದೆ. ತಿಂದು ಹತ್ತು ನಿಮಿಷಕ್ಕೆ ಮತ್ತೆ ಕೇಳುವ ಮಗುವನ್ನು 'ಹೊಟ್ಟೆಬಾಕ' ಎಂದು ಬೈಯಬೇಡಿ. ಚಿಪ್ಸ್, ಬೇಕರಿ ತಿಂಡಿ ಮನೆಯೊಳಗೇ ತರಬೇಡಿ. ಪಲ್ಯ ಜಾಸ್ತಿ ಬಡಿಸಿ. ತಿಂಗಳಿಗೊಮ್ಮೆ ತೂಕ ನೋಡಿ, ಸಕ್ಕರೆ ಮತ್ತು ಕೊಬ್ಬಿನ ರಕ್ತ ಪರೀಕ್ಷೆ ಯಾವಾಗ ಎಂದು ಡಾಕ್ಟರನ್ನು ಕೇಳಿ.

ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆಯಾದ ಎಡಿಎಚ್‌ಡಿಗೆ ಕೊಡುವ ಮಿಥೈಲ್‌ಫೆನಿಡೇಟ್ ಇದಕ್ಕೆ ತದ್ವಿರುದ್ಧ. ಮಧ್ಯಾಹ್ನ ಹಸಿವೇ ಇಲ್ಲದಂತಾಗಬಹುದು. ಮದ್ದಿನ ಬಲ ಇಳಿಯುವ ಸಂಜೆಗೆ ಅಳು, ಸಿಡುಕು ಬರಬಹುದು. ಬೆಳಿಗ್ಗೆ ಹೊಟ್ಟೆ ತುಂಬಾ ತಿನ್ನಿಸಿ ಆಮೇಲೆ ಮಾತ್ರೆ ಕೊಡಿ. ಸಿಡುಕಿನ ಹೊತ್ತಿಗೆ ಹೋಂವರ್ಕ್ ಬೇಡ.

ಖಿನ್ನತೆ, ಆತಂಕಕ್ಕೆ ಕೊಡುವ ಫ್ಲೂಆಕ್ಸೆಟಿನ್, ಸರ್ಟ್ರಾಲಿನ್‌ನಂಥ ಮದ್ದುಗಳಲ್ಲಿ ಮೊದಲ ಕೆಲವು ವಾರ, ಮತ್ತು ಪ್ರಮಾಣ ಬದಲಾದಾಗ ಜಾಸ್ತಿ ಎಚ್ಚರ ಬೇಕು. ನಿದ್ದೆ ಬಿಡುವುದು, ಅತಿಯಾದ ಮಾತು, ಹಿಂದುಮುಂದು ನೋಡದೆ ನುಗ್ಗುವುದು ಕಂಡರೆ ಅಂದೇ ಫೋನ್ ಮಾಡಿ. ಇಂಥ ಮದ್ದುಗಳಿಂದ ಕೆಲವು ಮಕ್ಕಳಲ್ಲಿ ಸಾಯುವ ಯೋಚನೆ ಹೆಚ್ಚಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲೇ ಎಚ್ಚರಿಸಿದೆ. ಮಾತ್ರೆ ಡಬ್ಬವನ್ನೂ ತೋಟದ ಕೀಟನಾಶಕವನ್ನೂ ಬೀಗದೊಳಗಿಡಿ.

ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ನಮ್ಮ ಊರುಗಳಲ್ಲಿ ಫಿಟ್ಸ್ ಮದ್ದು ತಿನ್ನುವ ಮಕ್ಕಳಿದ್ದಾರೆ. ಅದರಲ್ಲಿ ಲೆವೆಟಿರಸಿಟಮ್ ಕೆಲವು ಮಕ್ಕಳಿಗೆ ವಿಪರೀತ ಸಿಟ್ಟು ತರುತ್ತದೆ. ಮನಸ್ಸಿನ ಡಾಕ್ಟರಿಗೆ ಈ ಮದ್ದಿನ ವಿಷಯವನ್ನೂ ತಪ್ಪದೆ ಹೇಳಿ.

ನೀವಾಗಿ ನಿಲ್ಲಿಸಬೇಡಿ

ಮಗು ನರಳುವುದನ್ನು ನೋಡಿ ಮಾತ್ರೆ ಎಸೆಯಬೇಕು ಅನ್ನಿಸುತ್ತದೆ. ನನಗೂ ಅನ್ನಿಸಿದೆ. ಆದರೆ ಫಿಟ್ಸ್ ಮದ್ದು ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಮರುಕಳಿಸಬಹುದು. ಎಡಿಎಚ್‌ಡಿಗೆ ಕೊಡುವ ಕ್ಲೋನಿಡಿನ್ ಎಂಬ ಮದ್ದನ್ನು ತಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಒಮ್ಮೆಲೇ ಏರಬಹುದು. ಅರ್ಧ ಮಾಡುವುದಾದರೂ ಕೇಳಿಯೇ ಮಾಡಿ.

ಕುತ್ತಿಗೆ ತಿರುಚಿಕೊಂಡರೆ, ಕಣ್ಣು ಮೇಲಕ್ಕೆ ಹೋಗಿ ಅಲ್ಲೇ ನಿಂತರೆ, ಜ್ವರದ ಜೊತೆ ಮೈ ಸೆಟೆದುಕೊಂಡರೆ, ಬಾಯಿಹುಣ್ಣಿನ ಜೊತೆ ಮೈಮೇಲೆ ಬೊಕ್ಕೆ ಎದ್ದರೆ, ಸಾಯುವ ಮಾತಾಡಿದರೆ ಡಾಕ್ಟರ ಫೋನಿಗೆ ಕಾಯಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಮದ್ದಿನ ಕವರ್ ಮರೆಯಬೇಡಿ.

ಸಿಟ್ಟು ಬಂದ ಆ ಹೊತ್ತಿನಲ್ಲಿ

ತಂಗಿಯನ್ನು ಬೇರೆ ಕೋಣೆಗೆ ಕಳಿಸುತ್ತೇನೆ. ಟಿವಿ, ಮಿಕ್ಸಿ ಬಂದ್. ಎರಡೇ ಮಾತು: 'ಹೊಡೆಯಬಾರದು. ನಾನಿದ್ದೇನೆ.' ಬುದ್ಧಿವಾದ ಆಮೇಲೆ. ಮದ್ದಿನಿಂದ ಬಂದ ಸಿಟ್ಟು ಎಂದು ಹೊಡೆಯಲು ಬಿಡುವುದೂ ತಪ್ಪು, ತಿರುಗಿ ಹೊಡೆಯುವುದೂ ತಪ್ಪು. 'ಒಂದು ಪೆಟ್ಟು ಕೊಟ್ಟರೆ ಸರಿಯಾಗ್ತಾನೆ' ಎನ್ನುವ ನೆಂಟರಿಗೆ ಈಗ ನಾನು ನೋಟ್‌ಬುಕ್ ತೋರಿಸುತ್ತೇನೆ.

ರಾತ್ರಿ ಯಾರನ್ನೂ ಕೇಳಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ: 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಮದ್ದಿನ ಅಡ್ಡಪರಿಣಾಮವನ್ನು ಸರ್ಕಾರಕ್ಕೆ ತಿಳಿಸಲು 1800-180-3024. ಎರಡನ್ನೂ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಡಿ.